ದಾವಣಗೆರೆಯಿಂದಲೇ ಜೀನೋಮ್ ಸಮ್ಮೇಳನಕ್ಕೆ

ದಾವಣಗೆರೆಯ ಕಾಲೇಜೊಂದರಲ್ಲಿ ಜೈವಿಕ ತಂತ್ರಜ್ಞಾನ ಕಲಿಸುವ ನನಗೆ ವಿದೇಶದ ಸಮ್ಮೇಳನವೆಂದರೆ ವೀಸಾ, ವಿಮಾನದ ಟಿಕೆಟ್, ರಜೆ. ಮೂರೂ ಕೈಗೆಟುಕದ ಮಾತು. 2020ರಲ್ಲಿ ಕೊರೊನಾ ಬಂದು ಜೀನೋಮಿಕ್ಸ್ (ಜೀವಿಯ ಇಡೀ ಡಿಎನ್‌ಎ, ಅಂದರೆ ಜೀನೋಮಿನ ಅಧ್ಯಯನ), ಬಯೋಇನ್ಫರ್ಮ್ಯಾಟಿಕ್ಸ್ (ಜೀವವಿಜ್ಞಾನದ ದತ್ತಾಂಶವನ್ನು ಕಂಪ್ಯೂಟರಿನಲ್ಲಿ ವಿಶ್ಲೇಷಿಸುವ ವಿದ್ಯೆ) ಸಮ್ಮೇಳನಗಳು ಒಂದೊಂದಾಗಿ ಆನ್‌ಲೈನ್‌ಗೆ ಸರಿದವು. ಆ ವರ್ಷ ಗ್ಯಾಲಕ್ಸಿ (ಡಿಎನ್‌ಎ ದತ್ತಾಂಶವನ್ನು ಅಂತರ್ಜಾಲದಲ್ಲೇ ವಿಶ್ಲೇಷಿಸುವ ವೇದಿಕೆ) ಮತ್ತು ಬಾಸ್ಕ್ (ಬಯೋಇನ್ಫರ್ಮ್ಯಾಟಿಕ್ಸ್‌ನ ಮುಕ್ತ ತಂತ್ರಾಂಶ ಸಮ್ಮೇಳನ) ಬಳಗಗಳು ಒಟ್ಟಾಗಿ ನಡೆಸಿದ ಸಮ್ಮೇಳನವನ್ನು ಬೇರೆ ಬೇರೆ ದೇಶಗಳ ಹೊತ್ತಿಗೆ ಹೊಂದುವಂತೆ ಪೂರ್ವ, ಪಶ್ಚಿಮ ಎಂದು ಎರಡು ವೇಳಾಪಟ್ಟಿಗಳಲ್ಲಿ ಏರ್ಪಡಿಸಿದ್ದರು. ಎಲ್ಲರೂ ಅಷ್ಟು ಉದಾರಿಗಳಲ್ಲ. ಬೇಸಿಗೆಯಲ್ಲಿ ಜರ್ಮನಿಯ ಮಧ್ಯಾಹ್ನ 2 ಗಂಟೆಯೆಂದರೆ ನಮಗೆ ಸಂಜೆ 5.30, ಕಾಲೇಜು ಮುಗಿಸಿ ಕೂರಲು ಹೇಳಿ ಮಾಡಿಸಿದ ಹೊತ್ತು. ಕ್ಯಾಲಿಫೋರ್ನಿಯಾದ ಬೆಳಗಿನ 9ಕ್ಕೆ ಇಲ್ಲಿ ರಾತ್ರಿ 9.30 ಆಗಿರುತ್ತದೆ.

ಭಾಷಣಗಳಿಗಾಗಿ ನಾನು ನಿದ್ದೆ ಕೆಡಿಸಿಕೊಳ್ಳುವುದಿಲ್ಲ. ಅವುಗಳ ವಿಡಿಯೊ ಸಾಮಾನ್ಯವಾಗಿ ಆಮೇಲೆ ಸಿಗುತ್ತದೆ, ಬೇಕೆಂದಲ್ಲಿ ನಿಲ್ಲಿಸಿ ವಿದ್ಯಾರ್ಥಿಗಳಿಗೆ ವಿವರಿಸಲೂಬಹುದು. ಎಚ್ಚರವಿದ್ದು ಕೂರಬೇಕಾದದ್ದು ಪೋಸ್ಟರ್ ಅವಧಿಗೆ; ನಮ್ಮ ಸಂಶೋಧನೆಯನ್ನು ಒಂದೇ ಹಾಳೆಯಲ್ಲಿ ತೋರಿಸಿ, ಬಂದವರ ಪ್ರಶ್ನೆಗಳಿಗೆ ನೇರವಾಗಿ ಉತ್ತರಿಸುವುದು ಅಲ್ಲೇ.

ಶುಲ್ಕ ಹೆಚ್ಚೆನಿಸಿದರೆ ರಿಯಾಯಿತಿ ಕೇಳಿ ಒಂದು ಮಿಂಚಂಚೆ ಬರೆಯುತ್ತೇನೆ. ಕೇಳಲು ಸಂಕೋಚವೇಕೆ? ಆದರೆ 'ಗೌರವಾನ್ವಿತ ಪ್ರೊಫೆಸರ್' ಎಂದು ಹೊಗಳಿ, ಜೀನೋಮಿಕ್ಸ್, ನರ್ಸಿಂಗ್, ನ್ಯಾನೊ ಎಲ್ಲವನ್ನೂ ಒಂದೇ ವೇದಿಕೆಗೆ ತುಂಬಿ, ಸಾರಾಂಶ ಕಳಿಸಿದ ಮರುದಿನವೇ ಒಪ್ಪಿಗೆ ಕೊಟ್ಟು ಹಣ ಕೇಳುವವರ ಕಡೆ ತಿರುಗಿಯೂ ನೋಡುವುದಿಲ್ಲ.

ನನ್ನ ಪೋಸ್ಟರ್ ಹೊಸದುರ್ಗದ ಕಡೆಯ ದಾಳಿಂಬೆ ತೋಟಗಳನ್ನು ಕಾಡುವ ದುಂಡಾಣು ಅಂಗಮಾರಿಯದು. ರೋಗ ತರುವ ಜ್ಯಾಂಥೊಮೊನಾಸ್ ಬ್ಯಾಕ್ಟೀರಿಯಾದ ಜೀನೋಮ್ ಸುಮಾರು 50 ಲಕ್ಷ ಬೇಸ್‌ಗಳಷ್ಟು (ಬೇಸ್ ಎಂದರೆ ಡಿಎನ್‌ಎಯ ಒಂದು ಅಕ್ಷರ). ಗ್ಯಾಲಕ್ಸಿಯ ಉಚಿತ ಸರ್ವರ್ ಇರುವುದರಿಂದ ಯಂತ್ರ ಸಣ್ಣ ಸಣ್ಣ 'ಓದು'ಗಳಾಗಿ ಓದಿಕೊಟ್ಟ ಇದನ್ನು ಮತ್ತೆ ಜೋಡಿಸಲು ನಮ್ಮ ವಿಭಾಗದ ಹಳೆಯ ಕಂಪ್ಯೂಟರೇ ಸಾಕು. ಗೋಡೆಗೆ ಅಂಟಿಸುವ ಪೋಸ್ಟರನ್ನೇ ಪರದೆಗೆ ಹಾಕಿದರೆ ಯಾರೂ ಓದುವುದಿಲ್ಲ. ಹಾಗಾಗಿ ಮೊಬೈಲಿನಲ್ಲೂ ಕಾಣುವಷ್ಟು ದೊಡ್ಡದಾಗಿ ಒಂದೇ ನಕ್ಷೆ ಇಟ್ಟೆ: ಜೋಡಣೆಯಾದ ಪ್ರತಿ ತುಂಡಿನ ಉದ್ದ ಒಂದು ಅಕ್ಷದಲ್ಲಿ, ಅದನ್ನು ಎಷ್ಟು ಸಲ ಓದಲಾಗಿದೆ ಎಂಬ ಆಳ ಇನ್ನೊಂದರಲ್ಲಿ.

ಬ್ರೆಜಿಲ್‌ನ ಸಂಶೋಧಕಿಯೊಬ್ಬರು ಬಂದವರೇ ಮೂಲೆಯ ಚುಕ್ಕೆಯೊಂದನ್ನು ತೋರಿಸಿದರು. "ಈ ಸಣ್ಣ ತುಂಡಿನ ಆಳ ಉಳಿದವುಗಳ ದುಪ್ಪಟ್ಟಿದೆಯಲ್ಲ, ಏಕೆ?" ಪ್ಲಾಸ್ಮಿಡ್ (ವರ್ಣತಂತುವಿನಿಂದ ಬೇರೆಯಾಗಿ, ಕೋಶದಲ್ಲಿ ಹಲವು ಪ್ರತಿಗಳಲ್ಲಿರಬಲ್ಲ ಪುಟ್ಟ ಡಿಎನ್‌ಎ) ಇರಬಹುದೆಂದೆ. ಅವರು ಒಪ್ಪಲಿಲ್ಲ. ಈ ಬ್ಯಾಕ್ಟೀರಿಯಾಗಳಲ್ಲಿ ಸ್ಥಾನ ಬದಲಿಸುವ ಡಿಎನ್‌ಎ ತುಣುಕುಗಳು ಹೇರಳ. ಒಂದೊಂದೂ ಸಾವಿರ ಬೇಸ್ ಮೀರುವುದು ಸಾಮಾನ್ಯ, ನಮ್ಮ ಓದುಗಳೋ 150 ಬೇಸ್. ಜೀನೋಮಿನ ಎರಡು ಕಡೆ ಇರುವ ಒಂದೇ ತುಣುಕನ್ನು ಸಾಫ್ಟ್‌ವೇರ್ ಒಂದರ ಮೇಲೊಂದು ಪೇರಿಸಿದರೆ ಆಳ ಹೀಗೆ ಇಮ್ಮಡಿಯಾಗುತ್ತದೆ, ಜೋಡಣೆಯೂ ಅಲ್ಲೇ ತುಂಡಾಗುತ್ತದೆ. ತುಂಡಿನ ಎರಡೂ ತುದಿಗಳು ಯಾವುದಕ್ಕೆ ತಾಗುತ್ತವೆ ನೋಡಿ ಎಂದರು. ಪರದೆ ಹಂಚಿಕೊಂಡು ಯಾವ ತುಂಡು ಯಾವುದಕ್ಕೆ ತಾಗುತ್ತದೆಂದು ತೋರಿಸುವ ಜೋಡಣೆಯ ಗ್ರಾಫ್ ತೆರೆದೆ. ಪ್ರತಿ ತುದಿಗೂ ಎರಡೆರಡು ಕವಲು, ಅಂದರೆ ತುಣುಕು ಎರಡು ಕಡೆ ಇರುವ ಗುರುತು.

ಪಕ್ಕದಲ್ಲಿದ್ದ ಎಂಎಸ್ಸಿ ಹುಡುಗಿ "ಮೇಡಂ, ನಾನೂ ಒಂದು ಕೇಳಬಹುದೇ?" ಎಂದಳು. ಮೈಕ್ ಅವಳತ್ತ ಸರಿಸಿದೆ. ಈ ಗೊಂದಲ ಬಿಡಿಸಲು ಓದು ಎಷ್ಟು ಉದ್ದವಿದ್ದರೆ ಸಾಕು ಎಂಬುದು ಅವಳ ಪ್ರಶ್ನೆ. ತುಣುಕನ್ನು ದಾಟಿ ಎರಡೂ ಬದಿಯ ಡಿಎನ್‌ಎ ಮುಟ್ಟುವಷ್ಟು ಎಂಬ ಉತ್ತರ ಬಂತು. ಈಗ ಅದೇ ಡಿಎನ್‌ಎಯನ್ನು ಉದ್ದದ ಓದುಗಳನ್ನು ಕೊಡುವ ನ್ಯಾನೊಪೋರ್ ಯಂತ್ರದಲ್ಲಿ ಓದಿಸಲು ಕೊಟ್ಟಿದ್ದೇವೆ.