ಸಿಟ್ರಿನಿನ್ ಇಲ್ಲದ ಕೆಂಪು: ಮೊನಾಸ್ಕಸ್ ಬಣ್ಣ ತೆಗೆದ ನನ್ನ ಅನುಭವ

ಅಕ್ಕಿಯ ಮೇಲೆ ಬೆಳೆಸುವ ಮೊನಾಸ್ಕಸ್ ಎಂಬ ಶಿಲೀಂಧ್ರದಿಂದ ಆಹಾರಕ್ಕೆ ಹಾಕುವ ಕೆಂಪು ಬಣ್ಣ ತೆಗೆದರೆ ಬೆನ್ನಿಗೇ ಸಿಟ್ರಿನಿನ್ ಎಂಬ ವಿಷವೂ ಬರುತ್ತದೆ, ದೊಡ್ಡ ಫರ್ಮೆಂಟರ್ (ಹುದುಗಿಸುವ ಯಂತ್ರ) ಇಲ್ಲದವರು ಅದನ್ನು ತಡೆಯಲಾರರು ಎಂದು ಈ ಕೆಲಸದಲ್ಲಿ ನನಗಿಂತ ಹಿರಿಯರಾದ ಇಬ್ಬರು ಹೇಳಿದ್ದರು. ಮೂರು ವರ್ಷಗಳಲ್ಲಿ ಅರುವತ್ತಕ್ಕೂ ಹೆಚ್ಚು ಬ್ಯಾಚುಗಳು ನನ್ನ ಕೈಯಿಂದ ಹೋಗಿವೆ. ಕೊನೆಯ ಹನ್ನೊಂದರ ವರದಿಗಳಲ್ಲಿ ಸತತವಾಗಿ ‘ಪತ್ತೆಯಾಗಿಲ್ಲ’ ಎಂದೇ ಬಂದಿರುವುದರಿಂದ ಇದನ್ನು ಬರೆಯುವ ಧೈರ್ಯ ಮಾಡಿದ್ದೇನೆ.

ಎಲ್ಲರಂತೆ ನಾನೂ ಮೊನಾಸ್ಕಸ್ ಪರ್ಪ್ಯೂರಿಯಸ್ ಎಂಬ ಪ್ರಭೇದದಿಂದಲೇ ಆರಂಭಿಸಿದೆ. ಹತ್ತನೆಯ ದಿನಕ್ಕೆ ಅಗುಳು ಒಡೆದು ನೋಡಿದರೆ ಒಳಗೂ ಕಡುಗೆಂಪು. ಗೆದ್ದೆನೆಂದು ತಿಳಿದು, ಪರೀಕ್ಷೆಗೆ ಕಳುಹಿಸುವ ಮೊದಲೇ ಇನ್ನೂ ಇಪ್ಪತ್ತು ಕಿಲೋ ಅಕ್ಕಿಗೆ ಹೆಪ್ಪು ಹಾಕಿಬಿಟ್ಟೆ. ವರದಿ ಬಂದಾಗ ಸಿಟ್ರಿನಿನ್ ಕಿಲೋಗೆ ಆರೇಳು ಮಿಲಿಗ್ರಾಂ ಇತ್ತು. ಮೂತ್ರಪಿಂಡಕ್ಕೆ ವಿಷವಾಗುವ ಈ ವಸ್ತುವಿಗೆ, ಕೆಂಪು ಯೀಸ್ಟ್ ಅಕ್ಕಿಯ (ಮೊನಾಸ್ಕಸ್ ಬೆಳೆಸಿದ ಅಕ್ಕಿ) ಆಹಾರ ಪೂರಕಗಳಲ್ಲಿ ಯುರೋಪ್ ಒಕ್ಕೂಟ ಮೊದಲು ಇಟ್ಟಿದ್ದ ಮಿತಿಯೇ ಕಿಲೋಗೆ 2 ಮಿಲಿಗ್ರಾಂ. 2019ರಲ್ಲಿ ಅದನ್ನು 0.1ಕ್ಕೆ ಇಳಿಸಲಾಯಿತು. ಇಪ್ಪತ್ತು ಕಿಲೋವನ್ನೂ ಸುಟ್ಟುಹಾಕಿದೆ.

ಮುಂದಿನ ವರ್ಷವೆಲ್ಲ ಆ ತಳಿಯನ್ನೇ ತಿದ್ದಲು ಹೋಗಿ ಕಳೆದುಕೊಂಡೆ. ಕ್ಷಾರದ ನೀರಿನಲ್ಲಿ ತೊಳೆದರೆ ಸಿಟ್ರಿನಿನ್ ಜೊತೆಗೆ ಬಣ್ಣವೂ ಹರಿದುಹೋಯಿತು. ದ್ರವ ಮಾಧ್ಯಮದಲ್ಲಿ ಸಾರಜನಕದ ಮೂಲವಾಗಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಕೊಟ್ಟಾಗ ವಿಷ ಗಣನೀಯವಾಗಿ ತಗ್ಗಿತು, ಆದರೆ ಸೊನ್ನೆಗೆ ಬರಲಿಲ್ಲ. ಹಿಸ್ಟಿಡಿನ್‌ಗೆ ತೆತ್ತ ಹಣವಂತೂ ಬಣ್ಣ ಮಾರಿ ಬರಬಹುದಾದ ಹಣಕ್ಕಿಂತ ಹೆಚ್ಚಾಗಿತ್ತು. ಕಡೆಗೆ ಆ ತಳಿಯನ್ನೇ ಬಿಟ್ಟು, ಸಿಟ್ರಿನಿನ್ ತಯಾರಿಸುವ ಪಿಕೆಎಸ್‌ಸಿಟಿ ಜೀನ್ ಪಿಸಿಆರ್ ಎಂಬ ಡಿಎನ್ಎ ಪರೀಕ್ಷೆಯಲ್ಲಿ ಕಾಣಿಸಿಕೊಳ್ಳದ ಒಂದು ತಳಿಯನ್ನು ಸೂಕ್ಷ್ಮಜೀವಿಗಳ ಸಂಗ್ರಹಾಲಯದಿಂದ ತರಿಸಿದೆ. ಅದರ ಸಂಖ್ಯೆಯನ್ನು ಇಲ್ಲಿ ಬರೆಯುವುದಿಲ್ಲ, ಹುಡುಕುವವರಿಗೆ ಸಿಗುತ್ತದೆ.

ವಿಷ ಹೋಯಿತು, ಬಣ್ಣವೂ ಅರ್ಧಕ್ಕಿಳಿಯಿತು. ಅದನ್ನು ಮರಳಿ ಪಡೆದದ್ದು ನೀರಿನ ಲೆಕ್ಕದಿಂದ. ನಾವೆಲ್ಲ ಅಕ್ಕಿಯನ್ನು ಅನ್ನದಂತೆ ನೆನೆಸುವ ತಪ್ಪು ಮಾಡುತ್ತೇವೆ. ತೇವ ಹೆಚ್ಚಾದರೆ ಪಿಷ್ಟವು ಬೇಗ ಗ್ಲೂಕೋಸ್ ಆಗಿ, ಶಿಲೀಂಧ್ರವು ಸಿಹಿ ತಿಂದು ಬೆಳೆಯುತ್ತದೆಯೇ ಹೊರತು ಬಣ್ಣ ಕಟ್ಟುವುದಿಲ್ಲ. ಅಕ್ಕಿಯೂ ಮುದ್ದೆಯಾಗಿ ನಡುವೆ ಗಾಳಿಯಾಡುವುದಿಲ್ಲ. ಆರಂಭದ ತೇವವನ್ನು ನೂರಕ್ಕೆ ಮೂವತ್ತರ ಆಸುಪಾಸಿನಲ್ಲಿ ಇಟ್ಟು, ಅಗುಳು ಉದುರುದುರಾಗಿರುವಂತೆ ದಿನವೂ ಚೀಲವನ್ನು ಕುಲುಕಿ, 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು ಎರಡು ವಾರ ಬೆಳೆಸುತ್ತೇನೆ. ನೀರನ್ನು ನಡುವೆ ಎರಡು ಬಾರಿ, ಸ್ವಲ್ಪ ಆಮ್ಲ ಬೆರೆಸಿ ಚಿಮುಕಿಸುತ್ತೇನೆ; ಆಮ್ಲವಿಲ್ಲದೆ ಚಿಮುಕಿಸಿದ ಬ್ಯಾಚುಗಳಿಗೆ ಬ್ಯಾಕ್ಟೀರಿಯಾ ಬಿದ್ದು, ಒಂದೇ ತಿಂಗಳಲ್ಲಿ ಐದೋ ಆರೋ ಹಾಳಾಗಿದ್ದವು. ಎರಡನೆಯ ಬಾರಿಯ ನೀರಿನಲ್ಲಿ ಮೊನೋಸೋಡಿಯಂ ಗ್ಲುಟಮೇಟ್ ಇರುತ್ತದೆ. ಕಿತ್ತಳೆ ಬಣ್ಣದ ಮೊನಾಸ್ಕೊರುಬ್ರಿನ್ ಅದರ ಅಮೈನೋ ಗುಂಪನ್ನು ಸೇರಿಸಿಕೊಂಡು ಕೆಂಪಾಗಿ, ನೀರಿಗೂ ಒಗ್ಗುತ್ತದೆ. ಎಷ್ಟು, ಯಾವ ದಿನ ಎಂಬುದು ನನ್ನಲ್ಲೇ ಇರಲಿ. 500 ನ್ಯಾನೋಮೀಟರ್ ಬೆಳಕನ್ನು ಎಷ್ಟು ಹೀರುತ್ತದೆಂದು ಅಳೆದರೆ ಈಗಿನ ಬಣ್ಣ ಹಳೆಯ ಪರ್ಪ್ಯೂರಿಯಸ್‌ನ ಮುಕ್ಕಾಲು ಪಾಲಿಗೆ ಬಂದಿದೆ.

ಹಣವೆಲ್ಲ ಹೋಗುವುದು ಪರೀಕ್ಷೆಗೆ. ಒಂದು ಎಚ್‌ಪಿಎಲ್‌ಸಿ (ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಪ್ರಯೋಗಾಲಯ ಪರೀಕ್ಷೆ) ವರದಿಯ ಶುಲ್ಕದಲ್ಲಿ ನಾಲ್ಕು ಬ್ಯಾಚುಗಳ ಅಕ್ಕಿ, ಇಂಧನ, ಮದ್ಯಸಾರ ಎಲ್ಲವೂ ಬರುತ್ತವೆ. ಉಳಿಸಲೆಂದು ಟಿಎಲ್‌ಸಿ ಹಾಳೆಯನ್ನು (ಮಾದರಿಯ ಚುಕ್ಕೆಯಿಟ್ಟು ವಸ್ತುಗಳನ್ನು ಬೇರ್ಪಡಿಸುವ ಹಾಳೆ) ನೇರಳಾತೀತ ಬೆಳಕಿನಲ್ಲಿ ನೋಡಿ ಸಿಟ್ರಿನಿನ್ನಿನ ಹಳದಿ ಹೊಳಪು ಹುಡುಕುವ ಅಭ್ಯಾಸ ಮಾಡಿಕೊಂಡೆ. ಮೊದಲು ಚುಕ್ಕೆ ಬಾಲದಂತೆ ಎಳೆದುಕೊಂಡು ಏನೂ ತಿಳಿಯುತ್ತಿರಲಿಲ್ಲ. ಹಾಳೆಗೆ ಆಕ್ಸಾಲಿಕ್ ಆಮ್ಲ ಹಚ್ಚಿ ಒಣಗಿಸಿದ ಮೇಲೆ ಚೊಕ್ಕವಾಯಿತು. ಆದರೂ ಇದು ಕೆಟ್ಟ ಬ್ಯಾಚನ್ನು ಮೊದಲೇ ಎಸೆಯಲು ಮಾತ್ರ. ಹೊರಗೆ ಕೊಡುವ ಪ್ರತಿಯೊಂದು ಬ್ಯಾಚಿಗೂ ಎಚ್‌ಪಿಎಲ್‌ಸಿ ಮಾಡಿಸಲೇಬೇಕು. ಅದರ ಜೊತೆಗೆ, ಮೊನಾಸ್ಕಸ್ ತಯಾರಿಸುವ ಮೊನಾಕೊಲಿನ್ ಕೆ ಎಂಬ ವಸ್ತುವಿನ ಪರೀಕ್ಷೆಯನ್ನೂ ಮಾಡಿಸಿ. ಅದು ಕೊಲೆಸ್ಟರಾಲ್ ಇಳಿಸುವ ಲೋವಾಸ್ಟಾಟಿನ್ ಎಂಬ ಔಷಧಿಯೇ ಆಗಿರುವುದರಿಂದ ಬಣ್ಣದಲ್ಲಿ ಇರಕೂಡದು, ಮತ್ತು ಸಿಟ್ರಿನಿನ್ ಇಲ್ಲದ ಕೆಲವು ತಳಿಗಳು ಅದನ್ನು ಧಾರಾಳವಾಗಿ ಕೊಡುತ್ತವೆ. ನಾನು ತರಿಸಿದ ಎರಡನೆಯ ತಳಿಯನ್ನು ಈ ಕಾರಣಕ್ಕೇ ಬಿಡಬೇಕಾಯಿತು.

ನಡುವೆ ಬೇಸರವಾದಾಗ ಬ್ಲೇಕ್ಸ್ಲಿಯಾ ಟ್ರೈಸ್ಪೋರಾ ಎಂಬ ಇನ್ನೊಂದು ಶಿಲೀಂಧ್ರದ ಮೇಲೂ ಕೈಯಾಡಿಸಿದೆ. ಯುರೋಪಿನಲ್ಲಿ ಅದರ ಬೀಟಾ ಕ್ಯಾರೋಟಿನ್‌ಗೆ ಅನುಮತಿಯಿದೆ. ಮೊನಾಸ್ಕಸ್‌ನ ಕೆಂಪಿಗೆ ಚೀನಾ, ಜಪಾನ್‌ಗಳಲ್ಲಿ ಇದ್ದರೂ ಯುರೋಪ್, ಅಮೆರಿಕಗಳಲ್ಲಿ ಇಲ್ಲ. ಆದರೆ ಬ್ಲೇಕ್ಸ್ಲಿಯಾಕ್ಕೆ ಧನ, ಋಣ ಎಂಬ ಎರಡು ತಳಿಗಳನ್ನು ಸರಿಯಾದ ಪ್ರಮಾಣದಲ್ಲಿ ಜೋಡಿಸಬೇಕು. ನನ್ನ ಫ್ಲಾಸ್ಕುಗಳಲ್ಲಿ ಒಂದೇ ಮುಂದೆ ಓಡಿ ಇನ್ನೊಂದನ್ನು ಮುಳುಗಿಸಿತು; ನಾಲ್ಕು ತಿಂಗಳಲ್ಲಿ ಸಿಕ್ಕಿದ್ದು ಮಂಕಾದ ಹಳದಿ ಎಣ್ಣೆ.

ಕೆಂಪಿನಲ್ಲಿ ಇನ್ನೂ ಬಗೆಹರಿಯದೆ ಉಳಿದಿರುವುದು ಬೆಳಕಿನ ತೊಂದರೆ. ಕಿಟಕಿಯ ಬಳಿ ಇಟ್ಟ ದ್ರಾವಣವು ಹತ್ತು ಹನ್ನೆರಡು ದಿನಗಳಲ್ಲಿ ಅರ್ಧದಷ್ಟು ಮಾಸುತ್ತದೆ, ಹುಳಿ ಪಾನೀಯದಲ್ಲಾದರೆ ತಳಕ್ಕೂ ಇಳಿಯುತ್ತದೆ. ಸದ್ಯಕ್ಕೆ ಪುಡಿಯನ್ನು ಕಂದು ಬಾಟಲಿಯಲ್ಲಿ ಕೊಡುತ್ತಿದ್ದೇನೆ, ಹುಳಿ ಪದಾರ್ಥಕ್ಕೆ ಬೇಕೆನ್ನುವವರಿಗೆ ಕೊಡುವುದಿಲ್ಲ.