ಬ್ಲೂಗ್ರಾಸ್ ಫಿಡಲ್: ಹೊಸಬರಿಗೆ ಮೊದಲ ಪಾಠ

ಚಿಕ್ಕಮಗಳೂರಿನಲ್ಲಿದ್ದುಕೊಂಡು ಅಮೆರಿಕದ ಜನಪದ ಮೂಲದ ಸಂಗೀತಶೈಲಿಯಾದ ಬ್ಲೂಗ್ರಾಸ್‌ನ ಫಿಡಲ್ ವಾದನ ಕಲಿಯಬಯಸುವವರಿಗೆ ನಮ್ಮ ಪಿಟೀಲೇ ಸಾಕು. ಆದರೆ ಷಡ್ಜ-ಪಂಚಮಗಳ ಶ್ರುತಿಯನ್ನು ಬಿಟ್ಟು, ದಪ್ಪ ತಂತಿಯಿಂದ ಮೊದಲ್ಗೊಂಡು ಜಿ, ಡಿ, ಎ, ಇ ಸ್ವರಗಳಿಗೆ ಶ್ರುತಿ ಮಾಡಿಕೊಂಡು, ವಾದ್ಯವನ್ನು ಎಡಭುಜದ ಮೇಲಿಟ್ಟು ನಿಂತು ನುಡಿಸಬೇಕು.

ಎಡಗೈಗಿಂತ ಬಲಗೈಗೇ ಮೊದಲು ಹೆಚ್ಚು ಅಭ್ಯಾಸ ಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಒಂದು ಉದ್ದ, ಎರಡು ಗಿಡ್ಡ ಎಳೆತಗಳ ‘ಷಫಲ್’ ನಡೆಯನ್ನು ಬಿಡಿ ತಂತಿಯ (ಬೆರಳೊತ್ತದ ತಂತಿಯ) ಮೇಲೆ, ನಿಧಾನ ಗತಿಯಲ್ಲಿ, ಕಮಾನಿನ ನಡುಭಾಗವನ್ನಷ್ಟೇ ಬಳಸಿ, ಮಣಿಕಟ್ಟು ಸಡಿಲವಾಗುವವರೆಗೆ ನುಡಿಸಿರಿ. ಆಮೇಲೆ ಎ ತಂತಿಯನ್ನು ಷಡ್ಜವಾಗಿಟ್ಟುಕೊಂಡು ಶಂಕರಾಭರಣದ ಸ್ವರಗಳನ್ನು ಗಮಕವಿಲ್ಲದೆ ನುಡಿಸಿದರೆ ಎ ಮೇಜರ್ ಸ್ವರಶ್ರೇಣಿ ದೊರೆಯುತ್ತದೆ. ಎ, ಇ ತಂತಿಗಳೆರಡರಲ್ಲೂ ಬೆರಳುಗಳ ಸ್ಥಾನ ಒಂದೇ.

ಮಲೆನಾಡಿನ ಮಳೆಗಾಲದ ತೇವಕ್ಕೆ ಬಿರಡೆಗಳು ಬಿಗಿಯುವುದರಿಂದ ವಾದ್ಯವನ್ನು ಪೆಟ್ಟಿಗೆಯಲ್ಲಿಯೇ ಇಡಿರಿ. ನುಡಿಸಿದ ಮೇಲೆ ಕಮಾನಿನ ಕೂದಲನ್ನು ತಪ್ಪದೆ ಸಡಿಲಿಸಿರಿ.