‘ಬೊಯ್ ಆ’ ಒಂದನ್ನೇ ಹಿಡಿದು ಸ್ಪ್ಯಾನಿಷ್‌ನಲ್ಲಿ ನಾಳೆಯ ಮಾತಾಡಿದೆ

ನನ್ನದು ಮೆಕ್ಸಿಕೋ ಸಿಟಿಯ ಬಿಲ್ಲುಗಳನ್ನು ನೋಡಿಕೊಳ್ಳುವ ಕೆಲಸ. ಅಲ್ಲಿ ಬೆಳಿಗ್ಗೆ 9 ಆದಾಗ ಬೆಂಗಳೂರಿನಲ್ಲಿ ರಾತ್ರಿ 8:30. ಆಗ ಫೋನಲ್ಲಿ ಆಡುವುದೆಲ್ಲ ಒಂದೇ ಥರದ ಮಾತು: ನಾಳೆ ಕಳಿಸ್ತೀನಿ, ಸಂಜೆ ನೋಡ್ತೀನಿ, ಸೋಮವಾರ ಮಾತಾಡೋಣ.

ಇಷ್ಟು ಹೇಳೋಕೆ ಸುಮಾರು 14 ಸಾವಿರ ಕಳೆದೆ. ಸ್ಪ್ಯಾನಿಷ್ ಕ್ಲಾಸಿನಲ್ಲಿ ನಾಲ್ಕು ತಿಂಗಳು ಚಾರ್ಟ್ ಹಿಡಿದು ಆಬ್ಲಾರೆ, ಆಬ್ಲಾರಾಸ್, ಆಬ್ಲಾರಾ (ಮಾತಾಡುವೆನು, ಮಾತಾಡುವೆ, ಮಾತಾಡುವನು) ಅಂತ ಭವಿಷ್ಯತ್ಕಾಲದ ರೂಪಗಳನ್ನು ಉರು ಹೊಡೆಸಿದರು. ಫೋನಲ್ಲೂ ಅದೇ ರೂಪದಲ್ಲಿ ಮಾತಾಡಿದೆ. ಆ ಕಡೆಯವರು ನಕ್ಕರು. ಬಿಲ್ ಕಳಿಸೋಕೆ ಪ್ರಮಾಣ ಯಾಕೆ ಮಾಡ್ತೀರಿ ಅಂದರು.

ಅವತ್ತೇ ಆ ಚಾರ್ಟ್ ಮಡಚಿಟ್ಟೆ. ‘ಹೋಗು’ ಅನ್ನೋದರ ಐದೇ ರೂಪ ಇಟ್ಟುಕೊಂಡೆ: ಬೊಯ್, ಬಾಸ್, ಬಾ, ಬಾಮೊಸ್, ಬಾನ್. ಆಮೇಲೆ ‘ಆ’, ಆಮೇಲೆ ಡಿಕ್ಷನರಿಯಲ್ಲಿರುವ ಹಾಗೇ ಕ್ರಿಯಾಪದ. ‘ಬೊಯ್ ಆ ಎನ್ವಿಯಾರ್’ ಅಂದರೆ ಕಳಿಸ್ತೀನಿ. ಸ್ಪೇನಿನವರ ಆರನೇ ರೂಪ ನನಗೆ ಬೇಕಿರಲಿಲ್ಲ. ಮೇಡಂ ಅಡ್ಡದಾರಿ ಅಂದರು. ಪಕ್ಕದ ಸೀಟಿನವನು ಮಗು ಮಾತು ಅಂದ.

ಮೊದಮೊದಲು ಎಡವಿದ್ದು ಆ ಪುಟ್ಟ ‘ಆ’ ಹತ್ತಿರವೇ. ‘ಬೊಯ್ ಎನ್ವಿಯಾರ್’ ಅನ್ನುತ್ತಿದ್ದೆ. ಪೋರ್ಚುಗೀಸ್ ಕಲಿತಿದ್ದೀರಾ ಅಂತ ಕೇಳಿದರು. ಅದರಲ್ಲಿ ‘ಆ’ ಹಾಕುವುದಿಲ್ಲವಲ್ಲ. ‘ಬಾ ಆ’ ಅಂತೂ ಅವರ ಬಾಯಲ್ಲಿ ಒಂದೇ ಉದ್ದ ‘ಬಾ’. ನಮ್ಮ ಕಿವಿಗೆ ಕರೆದ ಹಾಗೆ, ಅಲ್ಲಿ ಅರ್ಥ ಹೋಗ್ತಾನೆ! ‘ತೆ ಬೊಯ್ ಆ ಯಾಮಾರ್’ ಅಂದರೆ ನಿನಗೆ ಫೋನ್ ಮಾಡ್ತೀನಿ. ನಾನು ಯಾಮಾರಿದ್ದೇ ಜಾಸ್ತಿ. ಕರೆದಾಗ ನಾವು ‘ಬಂದೆ’ ಅಂತೀವಿ, ಅವರು ‘ಯಾ ಬೊಯ್’, ಹೊರಟೆ ಅಂತಾರೆ. ಇದು ನಾಲಿಗೆಗೆ ಹತ್ತೋಕೆ ಒಂದು ತಿಂಗಳು ಬೇಕಾಯಿತು.

ಮಧ್ಯೆ ಒಂದು ವಾರ ‘ಬೊಯ್ ಆ’ ಕೂಡ ಬಿಟ್ಟು ನೋಡಿದೆ. ‘ಮಾನ್ಯಾನಾ ತೆ ಯಾಮೊ’. ಇದು ನಮ್ಮ ‘ನಾಳೆ ಫೋನ್ ಮಾಡ್ತೀನಿ’ ಥರಾನೇ, ವರ್ತಮಾನದಲ್ಲೇ ನಾಳೆ. ಗಟ್ಟಿ ಆಗಿರೋ ಕೆಲಸಕ್ಕೆ ಚೆನ್ನಾಗಿ ಒಪ್ಪುತ್ತದೆ. ಮಾಡ್ಬೇಕು ಅಂತಿದ್ದೆ, ಆಗಲಿಲ್ಲ ಅನ್ನೋಕೆ ‘ಇಬಾ ಆ’. ಬಿಲ್ ತಡವಾದ ದಿನ ಇದೇ ಕೈ ಹಿಡಿಯಿತು. ಇನ್ನು ಆ 14 ಸಾವಿರದ ಪಾಠವೂ ಪೂರ್ತಿ ದಂಡವಾಗಲಿಲ್ಲ. ‘ದೊಂದೆ ಎಸ್ತಾರಾ?’ ಅಂದರೆ ಎಲ್ಲಿದ್ದಾನೋ ಏನೋ. ಭವಿಷ್ಯದ ರೂಪದಲ್ಲಿ ಈಗಿನ ಊಹೆ. ನಮ್ಮ ‘ಮನೇಲಿ ಇದ್ದಾನು’ ನೆನಪಾಗಿ ತಟ್ಟನೆ ಹೊಳೆಯಿತು.

ನಲವತ್ತು ಕ್ರಿಯಾಪದ, ದಿನಾ ರಾತ್ರಿ ನಾಳೆಯ ಕೆಲಸಗಳನ್ನು ಎರಡು ನಿಮಿಷ ಫೋನಿನಲ್ಲಿ ರೆಕಾರ್ಡ್ ಮಾಡೋದು. ಎರಡೂವರೆ ತಿಂಗಳಿಗೆ ದುಭಾಷಿ ಇಲ್ಲದೆ 20 ನಿಮಿಷ ಮಾತಾಡಿದೆ. ದುಭಾಷಿಗೆ ಗಂಟೆಗೆ ಸಾವಿರದ ಮೇಲೆ ಹೋಗುತ್ತಿತ್ತು, ಮ್ಯಾನೇಜರ್ ಮುಖ ನೋಡಬೇಕಿತ್ತು. ರೆಕಾರ್ಡ್ ಆದಮೇಲೆ ಅದನ್ನು ಏನು ಮಾಡ್ತಿದ್ದೆ ಅನ್ನೋದು ಮಾತ್ರ ನನ್ನಲ್ಲೇ ಇರಲಿ.

ಒಂದೇ ಒಂದು ಮಾತು ಇನ್ನೂ ಕೈಗೆ ಸಿಕ್ಕಿಲ್ಲ. ‘ಆಓರೀತಾ’ ಕಳಿಸ್ತೀನಿ ಅಂದರು ಅಂತ ಒಮ್ಮೆ ರಾತ್ರಿ 11ರವರೆಗೆ ಸುಮ್ನೆ ಕಾದು ಕೂತಿದ್ದೆ. ಮೆಕ್ಸಿಕೋದಲ್ಲಿ ಅದು ಈಗಲೇ ಇರಬಹುದು, ಆಮೇಲೂ ಇರಬಹುದು. ಮೊನ್ನೆ ಪಕ್ಕದ ಸೀಟಿನವನು ಬಂದು ನಲವತ್ತರ ಪಟ್ಟಿ ಕೇಳಿದ. ಆಓರೀತಾ ಕೊಡ್ತೀನಿ ಅಂದೆ.